ಗೆರೆಯ ಮೇಲೆ ಕುಂಕುಮ

7 ಅಕ್ಟೋಬರ್ 2008, ಸಂಜೆ ಟ್ರೈನು

ಬಿಡದಿಯಲ್ಲಿ ಶಿಫ್ಟ್ ಬಿಟ್ಟವರೆಲ್ಲ ನುಗ್ಗಿದರು. ಪಕ್ಕದವನ ಮೊಣಕೈ ಈ ಪುಟದ ಮೇಲೇ ಇದೆ. ಮಡಿಲಲ್ಲಿ ನಮ್ಮ ವರ್ಕ್‌ಶಾಪಿನ ಶುಕೂರ್ ಭಾಯ್ ಮಾಡಿಕೊಟ್ಟ ತಾಮ್ರದ ಡಬ್ಬಿ, ಒಳಗೆ ನನ್ನ ಸೂಪರ್‌ಕಂಡಕ್ಟರ್ ಚಿಪ್. ಎರಡು ದಿನ ಲ್ಯಾಬಿಗೆ ಬೀಗ. ಅಲ್ಲಿ ಇಲಿ ಕಾಟ, ಬಿಡಲು ಮನಸ್ಸಾಗಲಿಲ್ಲ.

ಚಿಪ್ಪಿನಲ್ಲಿರುವುದು ಒಂದು ಗೆರೆ, ಅಷ್ಟೇ. ಕೇಬಲ್ ಕಡೆ ಐವತ್ತು ಓಮ್, ಸರ್ಕ್ಯೂಟ್ ಕಡೆ ಹತ್ತು. ನಡುವೆ ನಿಧಾನಕ್ಕೆ ಅಗಲವಾಗಬೇಕು. ಹೊಂದದಿದ್ದರೆ ಸಿಗ್ನಲ್ ಬಂದ ದಾರಿಗೇ ವಾಪಸ್. ಶುಕ್ರವಾರ ಹೀಲಿಯಂನಲ್ಲಿ ತಣ್ಣಗೆ ಮಾಡಿ ಅಳೆಯುವ ಸರದಿ ನನ್ನದು. ಫೆಲೋಶಿಪ್ ಫೆಬ್ರವರಿಗೆ ಮುಗಿಯುತ್ತದೆ. ಗೆರೆ ಕೈಕೊಟ್ಟರೆ ಥೀಸಿಸ್ ಇಲ್ಲ.

8 ಅಕ್ಟೋಬರ್, ಆಯುಧಪೂಜೆ

ಅಯ್ಯೋ! ಸ್ನಾನ ಮಾಡಿ ಬರುವಷ್ಟರಲ್ಲಿ... ಮಚ್ಚು, ಕುಡುಗೋಲು, ಅಪ್ಪನ ಉಣ್ಣೆ ಕತ್ತರಿ, ಸಾಲಿನ ಕೊನೆಗೆ ನನ್ನ ಡಬ್ಬಿ. ಮುಚ್ಚಳ ತೆಗೆದು! ಗೆರೆಯ ಮೇಲೇ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಎಸಳು. ಸ್ಕ್ರೂ ಬಿಚ್ಚಿಕೊಟ್ಟವನು ತಮ್ಮ ಬೀರೇಶ. ಅವನಿಗಾದರೂ ಬುದ್ಧಿ ಬೇಡವೇ?

"ಯಾಕವ್ವ ಬಿಚ್ಚಿದ್ದು?"

"ಮುಚ್ಚುಳುದ್ ಮ್ಯಾಲಿಕ್ಕುದ್ರೆ ಡಬ್ಬಿಗ್ ಪೂಜೆ ಆಯ್ತದೆ. ಕೆಲ್ಸ ಮಾಡೋದು ಒಳಗಿರೋದಲ್ವಾ?"

ಬಾಯಿಗೆ ಬಂದಂತೆ ಕಿರುಚಿದೆ. ಹಬ್ಬದ ದಿನ ಅವ್ವ ಊಟ ಮಾಡಲಿಲ್ಲ. ಸ್ಪಿರಿಟ್ ಹಾಕಿ ಒರೆಸಿದ್ದೇನೆ.

14 ಅಕ್ಟೋಬರ್

ಹಾಳಾಯಿತು. ಅರ್ಧಕ್ಕರ್ಧ ಸಿಗ್ನಲ್ ವಾಪಸ್. ಕುಂಕುಮದ ಕಥೆ ಹೇಳಿದೆ, ಲ್ಯಾಬೆಲ್ಲ ನಕ್ಕಿತು. ಗೈಡ್ ಮಾತ್ರ ನಗಲಿಲ್ಲ. "ನಿಮ್ಮ ಡಿಸೈನ್ ಸರಿಯಾಗೇ ಇದೆ ಮಾನಸ. ಅದೇ ಡ್ರಾಯಿಂಗ್‌ಗೆ ಇನ್ನೊಂದು ಚಿಪ್ ಮಾಡಿ. ಜಯಕುಮಾರ್ ಸರದಿ ನಿಮಗೆ ಕೊಡ್ತೀನಿ."

ಪಕ್ಕದ ಟೇಬಲಿನ ಜಯಕುಮಾರ್ ಮುಖ ಗಂಟು ಹಾಕಿಕೊಂಡು ಒಪ್ಪಿದ. ಮನೆಗೆ ಬಂದರೆ ಅವ್ವ, "ಕೆಟ್ಟೋಯ್ತಾ ಮಗಾ?" ಅಂತ ಒಂದೇ ಮಾತು. ಹೂಂ ಅಂದೆ. ಈಗ ನನ್ನ ಬ್ಯಾಗಿನ ಹತ್ತಿರವೂ ಬರುವುದಿಲ್ಲ.

23 ಅಕ್ಟೋಬರ್

ಮೈಕ್ರೋಸ್ಕೋಪಿನಲ್ಲಿ ಹಳೇ ಚಿಪ್ ನೋಡಿದೆ. ಶುಭ್ರ. ಕುಂಕುಮದ ಒಂದು ಕಣವೂ ಇಲ್ಲ. ಹಾಗಾದರೆ?

ಲೆಕ್ಕ ಮೊದಲಿಂದ ಹಾಕಿದೆ. ಥೂ ನನ್ನ! ಇಷ್ಟು ತೆಳು ಸೂಪರ್‌ಕಂಡಕ್ಟರ್ ಫಿಲ್ಮಿನಲ್ಲಿ ಎಲೆಕ್ಟ್ರಾನುಗಳ ಜಡತ್ವವೇ ಒಂದು ಇಂಡಕ್ಟೆನ್ಸ್. ಅದನ್ನು ಸೇರಿಸಲೇ ಇಲ್ಲ. ತಾಮ್ರದ ಗೆರೆಗೆ ಹಾಕುವ ಲೆಕ್ಕ ಹಾಕಿದ್ದೇನೆ! ನನ್ನ ಐವತ್ತು ಐವತ್ತಲ್ಲ, ಹತ್ತು ಹತ್ತಲ್ಲ. ಅದೇ ಡ್ರಾಯಿಂಗಿನ ಹೊಸ ಚಿಪ್ಪೂ ಹೀಗೇ ಕೈಕೊಡುತ್ತದೆ. ಬಾಯಿ ಮುಚ್ಚಿಕೊಂಡು ಡ್ರಾಯಿಂಗ್ ಬದಲಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ...

24 ಅಕ್ಟೋಬರ್

ಹೇಳಿಬಿಟ್ಟೆ. ಗೈಡ್ ಲೆಕ್ಕವನ್ನು ತಾವೇ ಇನ್ನೊಮ್ಮೆ ಹಾಕಿ ನೋಡಿದರು. "ಹಾಗಾದ್ರೆ ಜಯಕುಮಾರ್ ಸರದಿ ಜಯಕುಮಾರ್‌ಗೇ." ನನ್ನ ಸರದಿ ಇನ್ನು ಮಾರ್ಚ್‌ಗೆ, ಫೆಲೋಶಿಪ್ ಮುಗಿದ ಮೇಲೆ. ಅಳು ಬಂತು, ಸಿಟ್ಟು ಬಂತು, ಎರಡೂ ನನ್ನ ಮೇಲೆಯೇ.

ಮನೆಯಲ್ಲಿ ಅವ್ವ ಮುದ್ದೆ ಕಟ್ಟುತ್ತಿದ್ದಳು. "ನಿನ್ನ ಕುಂಕುಮದಿಂದ ಅಲ್ಲ ಕಣವ್ವ, ನನ್ನ ಲೆಕ್ಕವೇ ತಪ್ಪು. ಅವರಿಗೂ ಹೇಳ್ದೆ, ಸರದಿ ಹೋಯ್ತು" ಅಂದೆ.

ಅವ್ವ ಮುದ್ದೆ ತಟ್ಟೆಗಿಟ್ಟಳು. "ಯಾಕ್ ಯೋಳ್ಬುಟ್ಟೆ? ನನ್ ಮ್ಯಾಲೇ ಇರ್ಲಿ ಅಂತ ಬುಟ್ಟಿದ್ರೆ ಆಗ್ತಿರ್ನಿಲ್ವಾ? ನಂಗೇನು ಆ ಮೇಷ್ಟ್ರು ಮಕ ನೋಡೋದೈತಾ?"

ಹಬ್ಬದ ದಿನ ಆಡಿದ್ದಕ್ಕೆ ಏನಾದರೂ ಹೇಳಬೇಕಿತ್ತು. ಅವ್ವಾ, ಅಂದೆ. ಆಮೇಲೆ ಬ್ಯಾಗಿನಿಂದ ಡಬ್ಬಿ ತೆಗೆದು, ಮುಚ್ಚಳ ನಾನೇ ಬಿಚ್ಚಿ ಅವಳ ಮುಂದಿಟ್ಟೆ.