ಕುದಿನೀರಲ್ಲಿ ಶಾವಿಗೆಯ ಎಳೆ

ಮಂಗಳವಾರ, ಫೆಬ್ರವರಿ ೧೧, ೨೦೨೫. ಮದ್ದೂರು.

ಇಷ್ಟು ವರ್ಷ ಅಂಕಣದಲ್ಲಿ ಸರ್ಕಾರವನ್ನು ಹಂಗಿಸಿಯೇ ಅನ್ನ ತಿಂದವನು ಇವತ್ತು ಅದಕ್ಕೇ ಕೈಮುಗಿಯಬೇಕಾಗಿದೆ. ಇಂಥ ಅವಮಾನವನ್ನು ಪತ್ರಿಕೆಗೆ ಬರೆಯಲಾರೆ, ಇಲ್ಲಿ ಬರೆದುಕೊಳ್ಳುತ್ತೇನೆ.

ಚೀನಾದ ಅಗ್ಗದ ರೇಷ್ಮೆನೂಲು ಬಂದು, ನನ್ನ ಹೆಂಡತಿ ಅರುಂಧತಿ ದುಡಿಯುತ್ತಿದ್ದ ರೇಷ್ಮೆಗೂಡು ಬಿಚ್ಚುವ ಕಾರ್ಖಾನೆ ಮುಚ್ಚಿತು. ಆಮೇಲೆ ಅವಳು ಮನೆಯಲ್ಲಿ ಮಾತನ್ನೇ ಬಿಟ್ಟಳು. ಕೆಲಸ ಹೋದವರಿಗೆಂದು ಸರ್ಕಾರ ಮಳವಳ್ಳಿಯಲ್ಲಿ ಅಡುಗೆ ತರಬೇತಿ ಇಟ್ಟಿತು, ಬಸ್ಸಿನ ಖರ್ಚನ್ನೂ ಕೊಟ್ಟಿತು. ಇವತ್ತು ಪರೀಕ್ಷೆ. ಪಾಸಾದರೆ ಹಾಸ್ಟೆಲ್ ಅಡುಗೆಮನೆಯಲ್ಲಿ ಕೆಲಸ, ಇಲ್ಲವಾದರೆ ಮತ್ತೆ ಆ ಮೌನ.

ಶಾವಿಗೆ ಬೆಂದಿದೆಯೇ ನೋಡಿ ಅಂದರಂತೆ ಪರೀಕ್ಷೆ ಮಾಡುವ ಮೇಡಂ. ಇವಳು ಸೌಟು ಬಿಟ್ಟು, ಕಾರ್ಖಾನೆಯಲ್ಲಿ ಗೂಡು ಬೇಯುವ ನೀರಲ್ಲಿ ರೇಷ್ಮೆ ಎಳೆ ಹುಡುಕುತ್ತಿದ್ದ ಹಾಗೆ ಕುದಿನೀರಿಗೆ ಬರಿಬೆರಳನ್ನೇ ಅದ್ದಿ, ಒಂದು ಎಳೆ ಹಿಡಿದು ನಿಧಾನವಾಗಿ ಮೇಲಕ್ಕೆ ಎಳೆಯತೊಡಗಿದಳಂತೆ!

"ಅಯ್ಯೋ, ಕೈ ತೆಗೀರಮ್ಮಾ!" ಅಂತ ಮೇಡಂ ಕಿರುಚಿದರೆ, ಅದೇ ಕಾರ್ಖಾನೆಯ ಗೆಳತಿ ಸುಲ್ತಾನ್ ಬೀ, "ಸುಮ್ಕಿರಿ ಮೇಡಂ, ರಾಟೆಗೆ ಸುತ್ತಿ ಆಮ್ಯಾಕೆ ಬಡುಸ್ತಾಳೆ" ಅಂದಳಂತೆ.

ಮೇಡಂ ನಗು ತಡೆಯಲಾರದೆ ಒಂದು ಚೂರು ಬಾಯಿಗೆ ಹಾಕಿಕೊಂಡರು. ಹದವಾಗಿ ಬೆಂದಿತ್ತು. ಪಾಸು.

"ಸೋಮವಾರದಿಂದ ಓಯ್ತೀನಿ ಕಣ್ರೀ. ಸೌಟು ಇಡ್ಕಳದು ಮಾತ್ರ ಕಲ್ತ್ಕೊಂಡ್ ಬಾ ಅಂದವ್ರೆ" ಅನ್ನುತ್ತಾ ಅರುಂಧತಿ ಊಟದ ತಟ್ಟೆಯ ಮುಂದೆ ಬಿದ್ದು ಬಿದ್ದು ನಕ್ಕಳು.

ಆ ನಗುವಿಗಾಗಿ ಯಾವ ಇಲಾಖೆಗೆ ಋಣಿಯೋ ನಾನು, ತಿಳಿಯದು. ಎಲ್ಲ ಇಲಾಖೆಗೂ ಇರಲಿ ಒಂದೊಂದು ನಮಸ್ಕಾರ. ಒಳಗೆ ಸುಲ್ತಾನ್ ಬೀ ಜೊತೆ ಫೋನಿನಲ್ಲಿ ಇನ್ನೂ ನಗುತ್ತಿದ್ದಾಳೆ. ನನಗೆ ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಗಳಿಗೆ ಕೇಳಿಸಿಕೊಂಡು...