ಮುಳ್ಳು ಕೆಳಗಿತ್ತು

ಬಂಗಾರಪೇಟೆ
೧೪ ನವೆಂಬರ್ ೧೯೫೯

ಕಾಮಸಮುದ್ರದಲ್ಲಿ ಅಕ್ಕನ ಮನೆ ಸೇರಿಕೊಂಡಿರುವ ಶ್ರೀ ಕೋದಂಡಪ್ಪನವರಿಗೆ, ಹೆಂಡತಿ ಅಮ್ಮಾಜಮ್ಮನ ನಮಸ್ಕಾರ.

ಗಂಡನಿಗೆ ಕಾಗದ ಬರೆಯುವಾಗ ಹೇಗೆ ಶುರು ಮಾಡಬೇಕೆಂದು ನಮ್ಮ ಸ್ಕೂಲಿನ ಮೇಷ್ಟರು ಹೇಳಿಕೊಡಲಿಲ್ಲ. ಅವರು ಕಲಿಸಿದ್ದು ಅಮಲ್ದಾರರಿಗೆ ಅರ್ಜಿ ಬರೆಯುವುದು. ಅರ್ಜಿಯಲ್ಲಿ ಮೊದಲು ನಷ್ಟ ಎಷ್ಟೆಂದು ಹೇಳಬೇಕು, ಆಮೇಲೆ ಅಳಬೇಕು. ನಾನೂ ಹಾಗೇ ಬರೆಯುತ್ತೇನೆ, ಅಳುವುದೊಂದನ್ನು ಬಿಟ್ಟು.

ರಾಬರ್ಟ್‌ಸನ್‌ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ತಂದ ಎಣ್ಣೆ ಗೇಜು, ಹದಿನೆಂಟು ರೂಪಾಯಿ. ತಾಮ್ರದ ಪೈಪು ಮೂರೂವರೆ. ಅದನ್ನು ಕಾರಿಗೆ ಕೂರಿಸಿದ ನಿಮ್ಮ ಗೆಳೆಯ ಕುಪ್ಪುಸ್ವಾಮಿಗೆ ಐದು, ಮೇಲೆ ಒಂದು ನಾಟಿ ಕೋಳಿ. ಕೆಟ್ಟು ನಿಂತ ಕಾರನ್ನು ಎಳೆದು ತಂದ ಲಾರಿಯವನಿಗೆ ಹದಿನೈದು. ಇಂಜಿನ್ ಬಿಚ್ಚಿ ಕಟ್ಟಿದ ಮೆಕ್ಯಾನಿಕ್ ಪೆರುಮಾಳ್‌ಗೆ ನಾನೂರ ಹನ್ನೆರಡು. ಒಟ್ಟು ನಾನೂರ ಐವತ್ತಮೂರೂವರೆ. ಕೋಳಿ ಬೇರೆ. ಗಂಡ ಬೇರೆ.

ನಿನ್ನೆ ಮಧ್ಯಾಹ್ನ ನಮ್ಮ ಮೆಸ್ಸಿನಲ್ಲಿ ಪಂಕ್ತಿ ಕೂತಿದ್ದಾಗ ಕಾಮಸಮುದ್ರದ ಬಸ್ಸಿನ ಕಂಡಕ್ಟರ್ ಒಳಗೆ ಬಂದು, ಊರಿಗೆಲ್ಲ ಕೇಳುವ ಹಾಗೆ, "ಅಮ್ಮಾ, ನಿಮ್ಮೆಜಮಾನ್ರ ಬಟ್ಟೆ ಗಂಟು ಕೊಡಬೇಕಂತೆ. ಅವರಕ್ಕ ಅಕ್ಕಯ್ಯಮ್ಮ ಏಳಿ ಕಳ್ಸವ್ರೆ. ಇನ್ಮೇಲೆ ಅಲ್ಲೇ ಇರ್ತಾರಂತೆ" ಎಂದ. ಉಣ್ಣುತ್ತಿದ್ದವರೆಲ್ಲ ತುತ್ತು ಬಾಯಿಗಿಡದೆ ನನ್ನ ಮುಖ ನೋಡಿದರು. ಎರಡನೇ ಸಲ ಅನ್ನ ಕೇಳುವುದನ್ನೂ ಮರೆತರು; ಅಷ್ಟು ಅಕ್ಕಿ ಉಳಿಯಿತು. ಆದರೂ ಹೇಳುತ್ತೇನೆ, ಗಂಡ ಹೆಂಡಿರ ಮಾತನ್ನು ಟಿಕೆಟ್ ಹರಿಯುವವನ ಬಾಯಲ್ಲಿ ಕಳಿಸುವುದು ಹೇಸಿಗೆ ಕೆಲಸ. ನಿಮಗೆ ನಾಚಿಕೆಯಾಗಬೇಕು, ನಿಮ್ಮಕ್ಕನಿಗೂ.

ಬಟ್ಟೆಗಿಂತ ಮುಂಚೆ ಈ ಕಾಗದ ಬರುತ್ತದೆ. ನಡೆದದ್ದನ್ನು ನೀವು ನಿಮ್ಮ ಬಾಯಿಂದ ಅಲ್ಲಿ ಹೇಳಿರುತ್ತೀರಿ. ಇದನ್ನೂ ಅವರಿಗೆ ಓದಿ ಹೇಳಿ. ಆಮೇಲೂ ಅಲ್ಲೇ ಇರುವುದೆಂದಾದರೆ ಬುಧವಾರದ ಬಸ್ಸಿಗೆ ಗಂಟು ಹಾಕುತ್ತೇನೆ.

ಗೇಜು ಯಾಕೆ ಬಂತು ಎನ್ನುವುದರಿಂದ ಹಿಡಿಯುತ್ತೇನೆ. ರೈಲು ಬಂದಾಗಲೆಲ್ಲ ಪ್ಲಾಟ್‌ಫಾರಂ ಮೇಲೆ ಮಜ್ಜಿಗೆ ಮಾರಿ, ಆಮೇಲೆ ಮೆಸ್ಸು ಇಟ್ಟು ಕೂಡಿಸಿದ ದುಡ್ಡಿನಲ್ಲಿ ನಾನು ಆ ಕರೀ ಕಾರು ಕೊಂಡೆ. ಚಿನ್ನದ ಗಣಿ ಸರ್ಕಾರದ್ದಾದ ಮೇಲೆ ಸೀಮೆಗೆ ಹೊರಟ ದೊರೆಯೊಬ್ಬ ಮಾರಿದ್ದು ಅದು. ನೀವು ಲಾರಿ ಓಡಿಸುತ್ತಿದ್ದವರು. ಟ್ಯಾಕ್ಸಿ ಮಾಡಿ ಸ್ಟೇಷನ್ನಿಗೂ ರಾಬರ್ಟ್‌ಸನ್‌ಪೇಟೆಗೂ ಓಡಿಸೋಣ ಎಂದಿರಿ. ಓಡಿತು. ಆದರೆ ಮುದಿ ಇಂಜಿನ್ನು, ಎಣ್ಣೆ ಕುಡಿಯುತ್ತಿತ್ತು. ವಾರ ವಾರವೂ ಎಣ್ಣೆಗೆ ದುಡ್ಡು ಕೇಳುತ್ತಿದ್ದಿರಿ. ಹಾಲಿಗೆ ನೀರು ಬೆರೆಸಿ ತಂದವನನ್ನು ಬಾಗಿಲಲ್ಲೇ ಹಿಡಿಯುವ ನನಗೆ, ಬಾನೆಟ್ಟಿನೊಳಗೆ ಸುರಿದದ್ದು ಎಲ್ಲಿ ಹೋಗುತ್ತದೆಂದು ತಿಳಿಯುತ್ತಿರಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಮುನಿಸ್ವಾಮಪ್ಪ, "ಒಂದು ಗೇಜ್ ಆಕ್ಸಿ ಅಮ್ಮಾ, ಎಣ್ಣೆ ಸಮಾಚಾರ ಎಲ್ಲಾ ಕೂತಲ್ಲೇ ಗೊತ್ತಾಗ್ತದೆ" ಎಂದ.

ಎಣ್ಣೆ ಸಮಾಚಾರ ಅಂದರೆ ಎಷ್ಟು ಎಣ್ಣೆ ಇದೆ ಎನ್ನುವುದು ಎಂದು ನಾನು ತಿಳಿದೆ. ಸೀಮೆಎಣ್ಣೆ ಡ್ರಮ್ಮಿಗೆ ಕಡ್ಡಿ ಇಳಿಸಿ ನೋಡುವುದಿಲ್ಲವೇ, ಹಾಗೆ. ಇಂಜಿನ್ನಿಗೇ ಅಂಥದೊಂದು ಕಡ್ಡಿ ಇದೆಯೆಂದು ಪೆರುಮಾಳ್ ತೋರಿಸಿದ್ದು ಮೊನ್ನೆ. ಗೇಜು ತೋರಿಸುವುದು ಎಣ್ಣೆ ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ ಎನ್ನುವುದನ್ನಂತೆ. ನನಗೇನು ಗೊತ್ತು. ನಿಮಗೆ "ಇಂಜಿನ್ನಿನ ಕ್ಷೇಮಕ್ಕೆ" ಎಂದು ಹೇಳಿ ಹಾಕಿಸಿದೆ. ಕ್ಷೇಮ ಇಂಜಿನ್ನಿನದಲ್ಲ, ನನ್ನ ದುಡ್ಡಿನದು. ನೀವು ಟಿನ್ನು ಟಿನ್ನು ಎಣ್ಣೆಯನ್ನು ಲಾರಿಯವರಿಗೆ ಮಾರಿಕೊಳ್ಳುತ್ತೀರೆಂದು ನನ್ನ ಅನುಮಾನ.

ಇನ್ನು ಕುಪ್ಪುಸ್ವಾಮಿ. ಮಾರಿಕುಪ್ಪಂನಿಂದ ರೈಲಲ್ಲಿ ಬಂದ. ಗಣಿಯ ಕಂಪ್ರೆಸರ್ ಮನೆಯ ಫಿಟ್ಟರು, ಸುರಂಗಕ್ಕೆ ಗಾಳಿ ಒತ್ತಿ ಕಳಿಸುವ ಮೆಷಿನ್ನಿನ ಜೊತೆಯಲ್ಲೇ ತಲೆ ನರೆತವನು. ಇಂಜಿನ್ನಿನ ಪಕ್ಕೆಯಲ್ಲಿ ಎಣ್ಣೆ ಎಚ್ಚರಿಕೆಯ ಕೆಂಪು ದೀಪದ ಸ್ವಿಚ್ಚು ಕೂತಿದ್ದ ತೂತಿಗೆ ಹಿತ್ತಾಳೆ ತಿರುಪು ಹಾಕಿದ. (ಆ ದೀಪ ದೊರೆಯ ಕಾಲದಲ್ಲೇ ಕುರುಡಾಗಿತ್ತು.) ಅಲ್ಲಿಂದ ತಾಮ್ರದ ಪೈಪು ಎಳೆದು, ಅದುರಿ ಮುರಿಯದಿರಲೆಂದು ನಡುವೆ ಎರಡು ಸುರುಳಿ ಸುತ್ತಿ, ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿಗೆ ತೂತು ಕೊರೆದು, ತೂತಿನ ಅಂಚಿಗೆ ಹಳೇ ಟ್ಯೂಬಿನ ರಬ್ಬರು ಸಿಕ್ಕಿಸಿ, ಸ್ಟೇರಿಂಗಿನ ಪಕ್ಕದಲ್ಲಿ ಗೇಜು ಕೂರಿಸಿದ. ಕೆಲಸ ಚೊಕ್ಕ. ಒಂದು ತೊಟ್ಟು ಸೋರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಕೋಳಿ ಸಾರು ಉಂಡ, ಆ ಕೈಯನ್ನು ನನ್ನ ಅಡಿಗೆಮನೆಯ ಪರದೆಗೆ ಒರೆಸಿದ, ಚೀಲದಿಂದ ಕೆಂಪು ಬಣ್ಣ ತೆಗೆದ. ಗೇಜಿನ ಗಾಜಿನ ಮೇಲೆ, ಐವತ್ತರ ಅಂಕಿಗೆ ಸರಿಯಾಗಿ, ಒಂದು ಗೆರೆ ಎಳೆದ.

"ಅಣ್ಣೇ, ಮುಳ್ಳು ಈ ಗೆರೆ ದಾಟಬಾರದು. ಕೆಳಗಿದ್ರೆ ಕಾಲು ಚಾಚ್ಕೊಂಡು ಓಡ್ಸು. ಮೇಲೆ ಓಯ್ತೋ, ವೆಡಿಚ್ಚುಡುಂ! ಡಮಾರ್!"

ಮಾರನೇ ದಿನ ಬೆಳಿಗ್ಗೆ ಚಳಿಗೆ ಎಣ್ಣೆ ಗಟ್ಟಿಯಾಗಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು ಎಪ್ಪತ್ತಕ್ಕೆ ಹಾರಿತು. ನೀವು ಹಾವು ಮೆಟ್ಟಿದವರ ಹಾಗೆ ಕಾರಿನಿಂದ ಹಾರಿದಿರಿ. ನನ್ನನ್ನೂ ರೆಟ್ಟೆ ಹಿಡಿದು ಎಳೆದಿರಿ, ಅದನ್ನು ಮರೆತಿಲ್ಲ. ಮತ್ತೆ ಕುಪ್ಪುಸ್ವಾಮಿ ಬಂದ. "ಸೇಫ್ಟಿ ವಾಲ್ವು ಬಿಗಿ ಐತೆ" ಎಂದು ಇಂಜಿನ್ನಿನಲ್ಲಿ ಒಂದು ದಪ್ಪ ನಟ್ಟು ಬಿಚ್ಚಿ, ಒಳಗಿನ ಸ್ಪ್ರಿಂಗಿನ ಹಿಂದಿದ್ದ ವಾಷರು ತೆಗೆದು ಸ್ಪ್ರಿಂಗ್ ಸಡಿಲ ಮಾಡಿದ. ಮುಳ್ಳು ಇಳಿಯಿತು. ಎಲ್ಲರಿಗೂ ಸಮಾಧಾನ. ವಾಷರನ್ನು ನನ್ನ ಕೈಗೆ ಕೊಟ್ಟ. ಬೇಡದ ವಸ್ತು ಒಂದು ಹೊರಗೆ ಬಂತಲ್ಲ ಎಂದು ಸಾಸಿವೆ ಡಬ್ಬಿಯಲ್ಲಿಟ್ಟೆ.

ಅಂದಿನಿಂದ ನಾವಿಬ್ಬರೂ ಅದೇ ಗೇಜು ನೋಡಿದೆವು. ನೀವು ಓಡಿಸುವಾಗ ನೋಡಿದಿರಿ. ಬಿಸಿಲೇರಿದಂತೆ ಮುಳ್ಳು ಇಳಿಯುತ್ತಿತ್ತು, ನೀವು ಹಿಗ್ಗುತ್ತಿದ್ದಿರಿ. "ಲೇ ಅಮ್ಮಾಜಿ, ಗಾಡಿ ಅಂಗೇ ಮಗು ಮಲಗ್ದಂಗೈತೆ ಕಣೇ" ಎಂದು ಉಣ್ಣುತ್ತಾ ಹೇಳಿದಿರಿ. ನೀವು ಕೈ ತೊಳೆಯಲು ಹೋದಾಗ ನಾನು ಹೊರಗೆ ಹೋಗಿ, ನಿಂತ ಕಾರಿನ ಕಿಟಕಿಯಿಂದ ಇಣುಕುತ್ತಿದ್ದೆ. ಸೊನ್ನೆ. ಮಾರನೇ ಸಂಜೆಯೂ ಸೊನ್ನೆ. ಇಂಜಿನ್ ನಿಂತರೆ ಮುಳ್ಳು ಸೊನ್ನೆಗೇ ಬರುತ್ತದೆಂದು ನನಗೆ ಯಾರು ಹೇಳಬೇಕು? ಬೆಳಿಗ್ಗೆ ಎಣ್ಣೆಗೆ ದುಡ್ಡು ಕೊಟ್ಟಿದ್ದೇನೆ, ಸಂಜೆಗೆ ಒಂದು ತೊಟ್ಟೂ ಇಲ್ಲ! ಆದರೂ ಕೇಳಿದಾಗಲೆಲ್ಲ ದುಡ್ಡು ಕೊಡುತ್ತಲೇ ಹೋದೆ. ಕಳ್ಳನನ್ನು ಹಿಡಿಯಬೇಕಾದರೆ ಪೂರ್ತಿ ಕದಿಯಲು ಬಿಡಬೇಕು ಎಂದುಕೊಂಡೆ. ಎಂಥ ಬುದ್ಧಿ, ನನ್ನದು.

ನೀವಾದರೂ ಏನು ಕಡಿಮೆ? ಇಂಜಿನ್ನಿನ ಸದ್ದು ಕೇಳಿಯೇ ಯಾವ ನಟ್ಟು ಸಡಿಲ ಎನ್ನುತ್ತಿದ್ದವರು. ಶ್ರೀರಾಮಪ್ಪನವರು ಮಗನಿಗೆ ಹೆಣ್ಣು ನೋಡಲು ಕಾಮಸಮುದ್ರದ ಕಡೆ ಬಾಡಿಗೆಗೆ ಕರೆದ ದಿನ, ಇಂಜಿನ್ನು ಒಳಗಿನಿಂದ ಟಕಟಕ ಬಡಿಯುತ್ತಿತ್ತಂತೆ. ಅವರೇ ಹೇಳಿದರು: "ಕೋದಂಡಪ್ಪಾ, ಏನೋ ಸದ್ದು ಬತ್ತೈತಲ್ಲಯ್ಯಾ ಅಂದೆ. ಮುಳ್ಳು ನೋಡಿ ಸ್ವಾಮಿ, ಮಲಗ್ಬುಟ್ಟೈತೆ, ಏನೂ ಭಯ ಇಲ್ಲ ಅಂದ. ಅಂದು ಒಂದು ಮೈಲಿ ಓಗಿಲ್ಲ, ಗಾಡಿ ಕಿರ್ರ್ ಅಂತ ಕಚ್ಕೊಂಡ್ತು." ರಾಹುಕಾಲ ಬರುವುದರೊಳಗೆ ಹೆಣ್ಣಿನ ಮನೆ ಮುಟ್ಟಬೇಕೆಂದು ಅವರು ಆ ದಾರಿಯಲ್ಲಿ ಬಂದ ಗೊಬ್ಬರದ ಗಾಡಿ ಹತ್ತಿದರು. ಜರತಾರಿ ಪೇಟ ಸುತ್ತಿಕೊಂಡು.

ಆಮೇಲಿನದು ಸ್ಟ್ಯಾಂಡಿನಲ್ಲಿ. ಲಾರಿ ಹಿಂದೆ ಹಗ್ಗದಲ್ಲಿ ಕಾರು ಬಂತು, ಸುಟ್ಟ ಎಣ್ಣೆಯ ನಾತ ಸ್ಟೇಷನ್ ತನಕ. ಎಲ್ಲರೆದುರು ನಾನು ನಿಮ್ಮನ್ನು ಎಣ್ಣೆ ಕಳ್ಳ ಎಂದೆ. ನೀವು, "ಮುಳ್ಳು ಕೆಳಗಿತ್ತು ಕಣೇ, ದೇವ್ರಾಣೆ ಕೆಳಗಿತ್ತು!" ಎಂದಿರಿ. ನಾನು, "ಕೇಳಿ ಎಲ್ಲಾರೂ, ಕೆಳಗಿತ್ತು ಅಂತ ಅವರೇ ಒಪ್ಕೊಂಡ್ರು!" ಎಂದೆ. ನೀವು, "ಕೆಳಗಿದ್ರೆ ಒಳ್ಳೇದಲ್ವೇನೇ?" ಎಂದಿರಿ. ಅದನ್ನು ನಾನು ಭಂಡತನ ಎಂದುಕೊಂಡೆ. ನೀವು ಕಾರಿನ ಕೀ ನನ್ನ ಕಾಲ ಹತ್ತಿರ ಇಟ್ಟು, ಅದೇ ಎಣ್ಣೆ ಅಂಗಿಯಲ್ಲಿ ಕಾಮಸಮುದ್ರದ ಬಸ್ಸು ಹತ್ತಿದಿರಿ.

ಈಗ ಪೆರುಮಾಳ್. ಅಂಥ ಹೊಲಸು ಶೆಡ್ಡನ್ನು ನಾನು ಕಂಡಿಲ್ಲ. ಎಲೆ ಅಡಿಕೆ ಉಗುಳಿದ ಜಾಗದಲ್ಲೇ ಸ್ಪ್ಯಾನರು ಇಟ್ಟುಕೊಳ್ಳುತ್ತಾನೆ. ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ಇಂಜಿನ್ನಿನ ಕೆಳಗಿನ ತಿರುಪು ಬಿಚ್ಚಿದ. ಕರಿಯ ಎಣ್ಣೆ ಇಳಿಯಿತು, ಇಳಿಯಿತು, ಬಾಣಲೆ ತುಂಬಿ ಹೊರಗೆ ಚೆಲ್ಲಿ ನನ್ನ ಚಪ್ಪಲಿಗೂ ಬಂತು. ಅಷ್ಟು ಎಣ್ಣೆ. ಕಡಿಮೆ ಇರಲಿಲ್ಲ. ನಾನು ಬಾಣಲೆಯನ್ನೇ ನೋಡುತ್ತಾ ನಿಂತೆ. ಎಣ್ಣೆಯೊಳಗೆ ಸವೆದ ಬೇರಿಂಗಿನ ಪುಡಿ ಹಳದಿಯಾಗಿ ಮಿನುಗುತ್ತಿತ್ತು. ಪೆರುಮಾಳ್ ಬೆರಳಲ್ಲಿ ಅದ್ದಿ ನನ್ನ ಮುಖದ ಮುಂದೆ ಹಿಡಿದು, "ಅಮ್ಮಾ, ಚಾಂಪಿಯನ್ ರೀಫ್ ಗಣೀಲಿ ಸಿಗ್ದೆ ಇರೋ ಬಂಗಾರ ನಿಮ್ಮ ಕಾರಲ್ಲೇ ಐತಲ್ಲ!" ಎಂದು ಹಲ್ಲು ಬಿಟ್ಟ. ಆಮೇಲೆ ಆ ಸ್ಪ್ರಿಂಗು ಬಿಚ್ಚಿ, "ಇದರ ಹಿಂದೆ ಒಂದು ವಾಷರ್ ಇರಬೇಕಲ್ಲಾ, ಯಾವನು ನುಂಗ್ದ?" ಎಂದ. ನಾನು ಮನೆಗೆ ಹೋಗಿ ಸಾಸಿವೆ ಡಬ್ಬಿಯಿಂದ ತಂದುಕೊಟ್ಟೆ. ಅವನು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. ಕಾರಿನ ಎಣ್ಣೆಗೆ ಮುಳ್ಳು ಮೇಲೇ ಇರಬೇಕಂತೆ, ಕೆಳಗೆ ಬಂದರೆ ಸಾವಂತೆ. ಆ ವಾಷರು ತೆಗೆದದ್ದರಿಂದ ಎಣ್ಣೆ ಮೇಲೇರದೆ ಕೆಳಗೇ ಸುತ್ತುತ್ತಿತ್ತಂತೆ. ಹೊಟ್ಟೆ ತುಂಬ ಎಣ್ಣೆ ಇಟ್ಟುಕೊಂಡು ಇಂಜಿನ್ನು ಎಣ್ಣೆಯಿಲ್ಲದೆ ಸತ್ತಿತು.

ಸುಮ್ಮನಿರಲಾರದೆ ಮಾರಿಕುಪ್ಪಂಗೂ ಹೋದೆ. ಕುಪ್ಪುಸ್ವಾಮಿ ತಪ್ಪಾಯಿತೆಂದು ಹೇಳುತ್ತಾನೆಂದು ಎಣಿಸಿದ್ದೆ. ಎದೆ ಸೆಟೆಸಿ ನಿಂತ. "ಅಮ್ಮಾ, ನಾನು ಗಾಳಿ ಕಾಯೋನು. ನಮ್ಮ ಕಂಪ್ರೆಸರ್ ಮನೇಲಿ ಮುಳ್ಳು ಏರಿ ಜನ ಸತ್ತವ್ರೆ. ಇಳಿದ ಮುಳ್ಳಿಂದ ಯಾವನೂ ಸತ್ತಿಲ್ಲ." ಹಾಗೆಂದು ಕಾಫಿ ಕುಡಿದು ಹೋಗಿ ಎಂದ. ಕುಡಿಯದೆ ಬಂದೆ. ಗಾಳಿಯ ಲೆಕ್ಕವನ್ನು ಎಣ್ಣೆಗೆ ಹಾಕಿದವನು ಅವನು, ಸೀಮೆಎಣ್ಣೆಯ ಲೆಕ್ಕ ಹಾಕಿದವಳು ನಾನು. ಕಿವಿ ಇದ್ದೂ ಕೇಳದವರು ನೀವು. ಮೂವರಲ್ಲಿ ಯಾರನ್ನು ನೆನೆದರೂ ಥೂ ಎನ್ನಬೇಕು ಅನ್ನಿಸುತ್ತದೆ. ಆದರೆ ನಾವು ಮೂವರಲ್ಲಿ ಕಳ್ಳರು ಯಾರೂ ಇರಲಿಲ್ಲ.

ಇದನ್ನು ನಿಮಗೆ ಗುಟ್ಟಾಗಿ ಬರೆದು ಮುಗಿಸಬಹುದಿತ್ತು. ಆದರೆ ಕಳ್ಳ ಎಂದದ್ದು ಸ್ಟ್ಯಾಂಡಿನಲ್ಲಿ. ಮೊನ್ನೆ ಮದರಾಸು ಗಾಡಿ ಬರುವ ಹೊತ್ತಿಗೆ, ಎಲ್ಲ ಡ್ರೈವರುಗಳೂ ಇರುವಾಗ, ಹೋಗಿ ನಿಂತು, "ನಮ್ಮೆಜಮಾನ್ರು ಒಂದು ತೊಟ್ಟು ಎಣ್ಣೆ ಮುಟ್ಟಿಲ್ಲ. ಕಳ್ಳ ಅಂದಿದ್ದು ನನ್ನ ಬಾಯಿ. ತಪ್ಪು ನಂದು" ಎಂದೆ. ಮುನಿಸ್ವಾಮಪ್ಪ ಬೀಡಿ ಕೆಳಗಿಟ್ಟು, "ಅಂಗಾದ್ರೆ ಎಣ್ಣೆ ಕುಡಿದೋರು ಯಾರಮ್ಮಾ?" ಎಂದ. "ಇಂಜಿನ್ನು" ಎಂದೆ. "ಕುಡಿದ ಇಂಜಿನ್ನನ್ನ ಮನೇಲಿಟ್ಕೊಂಡು, ಕುಡೀದಿರೋ ಗಂಡನ್ನ ಓಡಿಸ್ಬುಟ್ರಾ!" ಎಂದ. ಎಲ್ಲರೂ ನಕ್ಕರು. ನಗಲಿ. ನಿಮಗೆ ಸಲ್ಲಬೇಕಾದದ್ದು ಅಲ್ಲಿ ಸಂದಿದೆ. ನೀವು ಇಲ್ಲಿಗೆ ಬರದಿದ್ದರೂ ಅದು ಸಂದೇ ಇರುತ್ತದೆ.

ಇಂಜಿನ್ನು ಈಗ ಚೆನ್ನಾಗಿದೆ. ಕುಪ್ಪುಸ್ವಾಮಿಯ ಗೆರೆಯನ್ನು ನಾನೇ ಬ್ಲೇಡಿನಲ್ಲಿ ಕೆರೆದು ತೆಗೆದೆ. ಪೆರುಮಾಳ್, "ಕೆಳಗಡೆ ಇಪ್ಪತ್ತಕ್ಕೆ ಒಂದು ಗೆರೆ ಎಳೆದುಕೊಡ್ಲಾ?" ಎಂದು ಕೇಳಿದ. ಬೇಡ, ಓಡಿಸುವವರು ಎಳೆದುಕೊಳ್ಳಲಿ ಎಂದೆ.

ಇಂತಿ,
ಅಮ್ಮಾಜಮ್ಮ

ಮರೆತ ಮಾತು: ಟ್ಯಾಕ್ಸಿ ಓಡಿಸಲು ಇಬ್ಬರು ಕೆಲಸ ಕೇಳಿಕೊಂಡು ಬಂದಿದ್ದರು. ಡ್ರೈವರ್ ಇದ್ದಾರೆ, ಅಕ್ಕನ ಮನೆಯಲ್ಲಿ ಕಡಲೆಕಾಯಿ ಕೀಳುವ ಕೆಲಸವಿದೆ ಎಂದು ಹೋಗಿದ್ದಾರೆ, ಬರುತ್ತಾರೆ ಎಂದು ಕಳಿಸಿದ್ದೇನೆ. ಬುಧವಾರ ನನ್ನನ್ನು ಸುಳ್ಳಿ ಮಾಡುವುದೋ ಬಿಡುವುದೋ ನಿಮಗೆ ಸೇರಿದ್ದು.

ಈ ವ್ಯವಹಾರದಲ್ಲಿ ಗಿಟ್ಟಿದ್ದು ಹೀಗೆ. ಕುಪ್ಪುಸ್ವಾಮಿಗೆ ಐದು ರೂಪಾಯಿ, ಒಂದು ಕೋಳಿ. ಪೆರುಮಾಳ್‌ಗೆ ನಾನೂರ ಹನ್ನೆರಡು, ಸಾಯುವ ತನಕ ಹೇಳಿ ನಗಲು ಒಂದು ಸಾಸಿವೆ ಡಬ್ಬಿ. ಶ್ರೀರಾಮಪ್ಪನವರಿಗೆ ಸೊಸೆ, ಗೊಬ್ಬರದ ಗಾಡಿಯಲ್ಲಿ ಬಂದವರು ಒಳ್ಳೇ ಒಕ್ಕಲಿನವರು ಎಂದು ಹೆಣ್ಣಿನ ಕಡೆಯವರು ಒಪ್ಪಿದರಂತೆ. ನಿಮ್ಮಕ್ಕನಿಗೆ ಕೂಲಿಯಿಲ್ಲದ ಆಳು. ನಿಮಗೆ ಒಳ್ಳೆಯ ಹೆಸರು, ಅದು ಮೊದಲೂ ನಿಮ್ಮದೇ. ನನಗೆ ಓಡುವ ಇಂಜಿನ್ನು, ಬಾಗಿಲಲ್ಲಿ ನಿಂತ ಕಾರು.