ಎಡಗಾಲಿಯ ಡ್ರಮ್ಮು

ಕತಗಾಲದ ನಾಗಪತಿ ಹೆಗಡೆಯವರಿಗೆ,

ಅಪ್ಪ ನಿಮ್ಮನ್ನು ಒಡೆಯಾ ಎನ್ನುತ್ತಿದ್ದ. ನನಗೆ ಆ ಪದ ಬರೆಯಲಾಗುತ್ತಿಲ್ಲ.

ಮೊನ್ನೆ ಫೋನು ಮಾಡಿ, ಮೊಮ್ಮಗಳು ಶ್ರೀಗೌರಿಯ ಮದುವೆಗೆ ನಿಮ್ಮ ಹಳೆಯ ಅಂಬಾಸಿಡರ್ ಬೇಕು ಎಂದಿರಿ. ಅದನ್ನು ಕುಮಟಾದ ಗುಜರಿಯಿಂದ ಕೊಂಡು, ಹೊನ್ನಾವರದ ನನ್ನ ಲೇತ್ ಶಾಪಿನಲ್ಲಿ ಓಡುವಂತೆ ಮಾಡಿದವಳು ನಾನೆಂದು ನಿಮಗೆ ಯಾರೋ ಹೇಳಿದ್ದರು. ಯಾರ ಮಗಳೆಂದು ಹೇಳಿರಲಿಲ್ಲ. "ಬ್ರೇಕ್ ಸರಿ ಮಾಡಿದ್ರಾ ತಾಯೀ? ಭಟ್ಕಳ ಬದಿಯ ನಾಗ ಅಂತ ಒಬ್ಬ ಡ್ರೈವರ್ ಇದ್ದ. ಕುಡ್ದು ಕಾಲು ನಡುಗ್ಸಿ ಗಾಡಿ ಹಾಳು ಮಾಡಿದ" ಎಂದು ನಕ್ಕಿರಿ. ನಾನು ಮದುವೆಯ ದಿನಾಂಕ ಬರೆದುಕೊಂಡೆ.

ಸರಿ ಮಾಡಿದ್ದೇನೆ. ಮೊದಲು, ಬ್ರೇಕ್ ಒತ್ತಿದಾಗಿನ ನಡುಕ ಎಲ್ಲಿಂದ ಹುಟ್ಟುತ್ತದೆಂದು ಹುಡುಕಿದೆ. ಸಪಾಟು ರಸ್ತೆಯಲ್ಲಿ ಪೆಡಲ್ ಮುಟ್ಟದೆ ಹ್ಯಾಂಡ್‌ಬ್ರೇಕ್ ಮಾತ್ರ ಎಳೆದೆ. ಅದು ಹಿಡಿಯುವುದು ಹಿಂದಿನ ಗಾಲಿಗಳನ್ನು. ಕಾರು ತಕರಾರಿಲ್ಲದೆ ನಿಂತಿತು. ಪೆಡಲ್ ಒತ್ತಿದಾಗ ಸ್ಟೇರಿಂಗ್ ಕೈಯಲ್ಲಿ ಕುಣಿಯಿತು. ಅಂದರೆ ಮುಂದಿನ ಗಾಲಿಗಳು. ಗಾಲಿಯೊಳಗೆ ಬ್ರೇಕ್ ಹಿಡಿಯುವ ಡ್ರಮ್ಮುಗಳನ್ನು ಬಿಚ್ಚಿ, ಲೇತಿಗೆ ಕಟ್ಟಿ ತಿರುಗಿಸಿ, ದುಂಡು ಅಳೆಯುವ ಗೇಜ್ ಹಚ್ಚಿದೆ. ಬಲಗಡೆಯದು ಹೆಚ್ಚುಕಡಿಮೆ ದುಂಡಗಿತ್ತು. ಎಡಗಡೆಯದು ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಗೇಜಿನ ಮುಳ್ಳನ್ನು ಎತ್ತಿ ಇಳಿಸಿತು. ಮೊಟ್ಟೆಯಾಕಾರ. ಒಳಮೈಯಲ್ಲಿ ನೀಲಿ ಕಲೆಗಳು. ಕಾದ ಬೀಡುಕಬ್ಬಿಣ ಒಮ್ಮೆಲೇ ತಣಿದು ಸೊಟ್ಟಗಾಗಿತ್ತು.

ಎಡಗಡೆಯದೇ ಯಾಕೆಂದು ನಿಮಗೆ ಗೊತ್ತು. ದೇವಿಮನೆ ಘಟ್ಟ ಇಳಿದು ಬರುವಾಗ ಹಳ್ಳ ಎಡಕ್ಕೆ. ಪ್ರತಿ ಸಲ ಅಲ್ಲಿ ಕಾರು ನಿಲ್ಲಿಸಿ ಗಾಲಿ ತೊಳೆಸುತ್ತಿದ್ದಿರಿ. ಮೊದಲ ನೀರು ಹಳ್ಳದ ಬದಿಯ ಗಾಲಿಗೇ. ಘಟ್ಟದ ಮೇಲಿನ ಮಣ್ಣು ಮೆತ್ತಿದ ಗಾಲಿ ನಿಮ್ಮ ಅಂಗಳ ಮೆಟ್ಟಬಾರದು. "ಒಡೆಯಾ, ಡ್ರಮ್ಮು ಕಾದು ಕೆಂಡ ಆಗಿದೆ. ಒಂದು ಎಲೆ ಅಡಿಕೆ ಕವಳ ಹಾಕೂವಷ್ಟು ಹೊತ್ತು ತಡೀರಿ" ಎಂದನಂತೆ ಅಪ್ಪ. "ನೀ ಎಂತ ನಂಗೆ ಹೇಳೂದು? ಹೊಯ್ಯಿ ನೀರು" ಎಂದಿರಂತೆ ನೀವು. ಹೊಯ್ದ.

ನಡುಕ ಶುರುವಾದ ತಿಂಗಳೇ ಅವನನ್ನು ಬಿಡಿಸಿದಿರಿ. ಕುಡುಕನ ಕಾಲು ಎಂಬ ಮಾತು ಅವನಿಗಿಂತ ಮೊದಲೇ ಭಟ್ಕಳ ತಲುಪಿತ್ತು. ಹನಿ ಮುಟ್ಟದವನಿಗೆ ಮತ್ತೆ ಯಾರೂ ಕಾರಿನ ಕೀಲಿ ಕೊಡಲಿಲ್ಲ. ತೆಂಗಿನಗುಂಡಿ ಬಂದರಿನಲ್ಲಿ ಮೀನುಬಲೆ ಹೊತ್ತ. ಅದನ್ನು ಮರೆಯಬಹುದಿತ್ತೇನೋ. ಅವನೂ ನಿಮ್ಮ ಮಾತನ್ನು ನಂಬಿಬಿಟ್ಟದ್ದನ್ನು ಮರೆಯಲಾರೆ. ಇಪ್ಪತ್ತೆಂಟು ವರ್ಷ, ಊಟಕ್ಕೆ ಕೂತಾಗಲೂ ಎಡಗೈಯಿಂದ ಬಲ ಮೊಣಕಾಲನ್ನು ಒತ್ತಿ ಹಿಡಿದಿರುತ್ತಿದ್ದ.

ಹಳೆಯ ಡ್ರಮ್ಮನ್ನೇ ತೊಡಿಸಿ ಕಳಿಸೋಣವೆಂದು ಒಂದಿಡೀ ದಿನ ಯೋಚಿಸಿದೆ. ಆ ನಡುಕವನ್ನೂ ನೀವು ಇನ್ಯಾರದೋ ಕಾಲಿಗೆ ಕಟ್ಟುತ್ತಿದ್ದಿರಿ. ಅದಕ್ಕೇ ಬಿಟ್ಟೆ.

ಬೇರೆ ಡ್ರಮ್ಮು ಹಾಕಿ ಅಪ್ಪನನ್ನು ಸೀಟಿನಲ್ಲಿ ಕೂರಿಸಿದೆ. ಬ್ರೇಕ್ ಒತ್ತಿ ನಡುಕಕ್ಕೆ ಕಾದ. ಬರಲಿಲ್ಲ. ಮತ್ತೆ ಒತ್ತಿದ. ಆಮೇಲೆ ಕಾಲೆತ್ತಿ ನೋಡಿಕೊಂಡ. "ತಂಗೀ, ಹಂಗಾದ್ರೆ ನಡುಗಿದ್ದು ನನ್ನ ಕಾಲಲ್ಲ ಅಂತಾತು" ಎಂದ.

ಕಾರು ಬರುತ್ತದೆ. ಬಾಡಿಗೆ ಬೇಡ. ಓಡಿಸುವವನು ಅಪ್ಪ. ಪಕ್ಕದ ಸೀಟಿನ ಮೇಲೆ ಆ ಹಳೆಯ ಡ್ರಮ್ಮು ಇರುತ್ತದೆ. ನೆಂಟರೆಲ್ಲ ಅಂಗಳದಲ್ಲಿರುವಾಗ ಅದನ್ನೆತ್ತಿ ಹಿಡಿದು ನೀವು ಹೇಳಬೇಕು: ನಾಗ ಕುಡಿದಿರಲಿಲ್ಲ, ಅವನ ಕಾಲು ನಡುಗಲಿಲ್ಲ, ನೀರು ಹೊಯ್ಯಿಸಿದವನು ನಾನು. ಹೇಳಿದರೆ ಆ ಸೀಟು ನಿಮ್ಮದು. ಇಲ್ಲವಾದರೆ ಮದುಮಗಳು ಬಾಗಿಲಲ್ಲಿ ನಿಂತಿರುವಂತೆಯೇ ಕಾರು ತಿರುಗುತ್ತದೆ.

ಶ್ರೀಗೌರಿಗೆ ಒಳ್ಳೆಯದಾಗಲಿ. ನಿಮಗೆ ಅಂದಿನವರೆಗಾದರೂ ಆಯುಷ್ಯವಿರಲಿ. ಗಾಲಿ ತೊಳೆಯದೆ ಬರುತ್ತೇವೆ.

ನಾಗ ಡ್ರೈವರನ ಮಗಳು,
ಸುಚಿತಾ